ಊದದೇ ಬಿಟ್ಟ ಉಸಿರು

ಫೆಬ್ರುವರಿ ೩, ಸೋಮವಾರ. ಗೋಕಾಕ

ನಿನ್ನೆ ನಾನು ಮಾಡಿದ್ದು ಸರಿಯಾಗಿಯೇ ಇತ್ತು. ಮೊದಲು ಅದನ್ನು ಬರೆದಿಟ್ಟುಬಿಡುತ್ತೇನೆ. ಉಳಿದದ್ದು ಆಮೇಲೆ.

ಕಣಗಲಾದಲ್ಲಿ ಗೌರಕ್ಕನ ಬಸುರಿ ಮಗಳ ಕುಬಸ. ಗೌರಕ್ಕ ನಮ್ಮ ದೊಡ್ಡಪ್ಪನ ಮಗಳು, ಹೋಗದೇ ಇರುವಂತಿರಲಿಲ್ಲ. ತಮ್ಮ ಮಾಲಿಂಗ ಯಾರದೋ ಕಾರು ಕೇಳಿ ತಂದಿದ್ದ, ಅವನೇ ನಡೆಸಿದ. ನಮ್ಮ ಕಾಲೇಜಿನ ಬಸ್ಸು ಓಡಿಸುವವನು ಅವನೇ. ಮುಂಜಾನೆ ಮೂಡಲಗಿಯಿಂದ ಹುಡುಗಿಯರನ್ನು ಹತ್ತಿಸಿಕೊಂಡು ಬರುತ್ತಾನೆ, ಸಂಜೆ ಬಿಟ್ಟು ಬರುತ್ತಾನೆ. ಕುಡಿತ ಬಿಟ್ಟ ಮೇಲೆ, ಕಾರ್ಯದರ್ಶಿಗಳ ಮುಂದೆ ನಾನು ಮಾತು ಕೊಟ್ಟು ಕೊಡಿಸಿದ ಕೆಲಸ ಅದು.

ತಿರುಗಿ ಬರುವಾಗ ಹಿಂದಿನ ಸೀಟಿನಲ್ಲಿ ಯಲ್ಲಪ್ಪ ಕಾಕಾ. ಕುಬಸದ ಮನೆಯ ಹಿತ್ತಲಲ್ಲಿ, ಕಬ್ಬಿನ ಟ್ರ್ಯಾಲಿಯ ಮರೆಗೆ ಗಂಡಸರದೊಂದು ಬೇರೆಯೇ ಪಂಕ್ತಿ ನಡೆದಿತ್ತು. ಕಾಕಾನ ಪಾಲಿಗೆ ಅದೇ ಕುಬಸ. ಕಾರಿನ ತುಂಬ ವಾಸನೆ. ಹತ್ತರಗಿಯ ಹತ್ತಿರ ಹೆದ್ದಾರಿ ಬಿಟ್ಟು ಹೊರಳುವಲ್ಲಿ ಪೊಲೀಸರು ನಿಂತಿದ್ದರು. ಇನ್ನೂ ಬೆಳಕಿತ್ತು. ಮಾಲಿಂಗ ಗಾಜು ಇಳಿಸಿದ ಕೂಡಲೇ ಆ ಸಣ್ಣ ವಯಸ್ಸಿನ ಪಿಎಸ್‌ಐ ಮುಖ ಹಿಂದೆ ತೆಗೆದರು.

“ಏನ್ರಿ, ಎಷ್ಟ ಆಗೈತಿ?”

“ಏನೂ ಇಲ್ರಿ ಸರ.”

“ಹಂಗಾರ ಊದ್ರಿ.” ಉಸಿರು ಅಳೆಯುವ ಯಂತ್ರ ಮುಂದೆ ಹಿಡಿದರು.

ಹಿಂದಿನಿಂದ ಕಾಕಾ ಎದ್ದು ಕೂತ. “ಸಾಹೇಬ್ರ, ಅಂವಗ್ಯಾಕ ಕೊಡ್ತೀರಿ? ಇತ್ತ ತರ್ರಿ. ಹತ್ತ ಊರಾಗ ಸನಾದಿ ಊದಿದಾಂವ ನಾ, ನಿಮ್ಮ ಪೀಪಿ ಯಾವ ಲೆಕ್ಕ!”

ಬಾಜೂಕ್ಕೆ ನಿಂತ ಪೇದೆ ನಕ್ಕುಬಿಟ್ಟ. ಪಿಎಸ್‌ಐ ನಗಲಿಲ್ಲ.

ಮಾಲಿಂಗ ಹಿಂಜರಿದ. ನಾನು ಅವನ ತೋಳು ಹಿಡಿದು, “ಊದಬ್ಯಾಡ” ಅಂದೆ. ತನ್ನ ವಿರುದ್ಧ ತಾನೇ ಸಾಕ್ಷಿಯಾಗು ಎಂದು ಯಾರನ್ನೂ ಒತ್ತಾಯಿಸುವಂತಿಲ್ಲ, ಸಂವಿಧಾನದಲ್ಲಿದೆ ಎಂದು ಪಿಎಸ್‌ಐಗೂ ಹೇಳಿದೆ.

“ಮೇಡಂ, ನೀವು ವಕೀಲರೇನ್ರಿ?”

“ಕನ್ನಡ ಲೆಕ್ಚರರ್.”

“ಹಂಗಾರ ಕನ್ನಡದಾಗ ಹೇಳ್ತೇನಿ ಕೇಳ್ರಿ. ಊದಿದ್ರ ಇಲ್ಲೇ ಈಗ ತಿಳೀತೈತಿ. ಊದ್ಲಿಲ್ಲಂದ್ರ ಸ್ಟೇಶನ್ನಿಗೆ ನಡೀರಿ.”

ಮಾಲಿಂಗ ನನ್ನ ಮುಖ ಒಮ್ಮೆ ನೋಡಿದ. ಕೀಲಿ ತೆಗೆದು ಪೇದೆಯ ಕೈಗೆ ಕೊಟ್ಟು ಇಳಿದ.

ಸ್ಟೇಶನ್ನಿನಿಂದ ರಕ್ತ ತೆಗೆಸಲು ಸರಕಾರಿ ದವಾಖಾನೆಗೆ ಕರೆದೊಯ್ದರು. ಇದ್ದ ಒಬ್ಬರೇ ಡಾಕ್ಟರು ಹೆರಿಗೆಯೊಂದರಲ್ಲಿ ಸಿಕ್ಕಿದ್ದರು. ತಾಯಿಗೆ ಜೀವದ ಮಾತು, ಅವರನ್ನು ಕರೆಯುವ ಹಾಗಿರಲಿಲ್ಲ. ಹಿಡಿದು ಎರಡು ತಾಸಿನೊಳಗೆ ಡಾಕ್ಟರು ನೋಡದಿದ್ದರೆ ಬಿಟ್ಟುಬಿಡಬೇಕಂತೆ. ಬಿಟ್ಟರು. ಕೇಸು ಮಾತ್ರ ಹಾಗೇ ಉಳಿಯಿತು: ವಾಸನೆ ಬರುತ್ತಿತ್ತು, ಊದಲು ನಿರಾಕರಿಸಿದ. ಅಲ್ಲಿ ಕೂತಿದ್ದಾಗ ಪೇದೆ ನೀರಿನ ಬಾಟಲಿ ಕೊಡಲು ಬಂದ. ಮಾಲಿಂಗ ತಲೆಯಾಡಿಸಿ ಬೇಡವೆಂದ. ಅಷ್ಟು ಹೊತ್ತು ಒಂದು ಗುಟುಕು ನೀರು ಕುಡಿಯಲಿಲ್ಲ. ಬಾಯಿ ತೆರೆಯಲು ಅಂಜಿದನೇನೋ.

ರಕ್ತ ಕೊಡುವುದು ತಪ್ಪಿತಲ್ಲ, ಒಳ್ಳೆಯದೇ ಆಯಿತು ಅನ್ನಿಸಿತು. ಯಾಕೆ ಹಾಗನ್ನಿಸಿತು ಎಂದು ಬರೆಯುವ ಅಗತ್ಯವಿಲ್ಲ.

ಫೆಬ್ರುವರಿ ೪, ಮಂಗಳವಾರ

ಲಕ್ಷ್ಮೀ ಮೂಡಲಗಿಯಿಂದ ಫೋನು ಮಾಡಿದ್ದಳು. ತಮ್ಮನ ಹೆಂಡತಿ, ನನಗೆ ಎಂದೂ ದೂರು ಹೇಳಿದವಳಲ್ಲ.

“ಅಕ್ಕಾರ, ನಿನ್ನಿ ಕೆಲಸಕ್ಕ ರಜಾ ಹಾಕಿ, ನಸುಕಿನ್ಯಾಗ ಎದ್ದು ಮೊದಲನೇ ಬಸ್ಸಿಗೆ ಹ್ವಾದ್ರು. ಎಲ್ಲಿಗಿ ಅಂದ್ರ ಮಾತಿಲ್ಲ. ಮಧ್ಯಾಹ್ನ ಬಂದು ವಾರದಿಂದ ಹಸದವ್ರಂಗ ಉಂಡು ಮಲಗಿದ್ರು. ಏನರ ಅಂದೀರೇನ್ರಿ ಅವ್ರಿಗಿ?”

ನಾನೇನೂ ಅಂದಿಲ್ಲ ಅಂದೆ. ಖರೆಯೇ. ಒಂದು ಮಾತೂ ಅಂದಿಲ್ಲ.

ಮೊದಲ ಬಸ್ಸಿಗೆ ಎಲ್ಲಿಗೆ ಹೋಗುತ್ತಾರೆ ಗಂಡಸರು? ನನಗೆ ಗೊತ್ತಿರುವ ಒಂದೇ ಉತ್ತರ ಹಳೆಯದು.

ಬರೆದೇಬಿಡುತ್ತೇನೆ, ಇದನ್ನು ಓದುವವಳು ನಾನೊಬ್ಬಳೇ. ಕುಬಸದ ಮನೆಯಲ್ಲಿ ಹೊರಡುವ ಹೊತ್ತಿಗೆ ಅವನ ಕೊರಳಲ್ಲಿ ಲಿಂಗ ಕಟ್ಟುವ ಶಿವದಾರ ಇರಲಿಲ್ಲ. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು, ಕೊರಳು ಬರಿದಾಗಿತ್ತು. ಕುಡಿಯುವ ಕಾಲದಲ್ಲಿ ಅವನದೊಂದು ನೇಮವಿತ್ತು. ಮೈಮೇಲೆ ಲಿಂಗವಿಟ್ಟುಕೊಂಡು ಮುಟ್ಟುತ್ತಿರಲಿಲ್ಲ. ದೇವರ ಜಗಲಿಯ ಮೇಲೆ ಲಿಂಗದ ಕರಡಿಗೆ ಬಿಚ್ಚಿಟ್ಟು ಹೊರಗೆ ಬಿದ್ದನೆಂದರೆ ಆ ದಿನ ಮುಗಿಯಿತೆಂದು ಅವ್ವ ಒಲೆ ಆರಿಸುತ್ತಿದ್ದಳು. ನಮ್ಮ ಮನೆಯಲ್ಲಿ ಅವನ ಕುಡಿತ ಅಳೆಯಲು ಯಂತ್ರ ಬೇಕಿರಲಿಲ್ಲ, ಕೊರಳು ನೋಡಿದರೆ ಸಾಕಿತ್ತು. ಲಿಂಗ ಬಿಚ್ಚಿ ಕುಡಿಯುವ ಬೇರೆಯವರೂ ಇದ್ದಾರೆ, ನಮ್ಮ ಕಡೆ ಅದನ್ನು ಮರ್ಯಾದೆ ಎಂದೇ ತಿಳಿಯುತ್ತಾರೆ.

ಕೊರಳು ನೋಡಿದೆ. ಪಿಎಸ್‌ಐ “ಊದ್ರಿ” ಅಂದಾಗ ನನ್ನ ಕೈ ತಾನಾಗಿಯೇ ಅಡ್ಡ ಹೋಯಿತು. ಅವನನ್ನು ಮುಚ್ಚಿಕೊಂಡು ಬಂದ ಕೈ ಅದು. ಜ್ವರ ಬಂದಿದೆ, ಊರಿಗೆ ಹೋಗಿದ್ದಾನೆ, ಮಲಗಿದ್ದಾನೆ ಎಂದು ಬಾಗಿಲಲ್ಲಿ ನಿಂತು ಎಷ್ಟು ಜನಕ್ಕೆ ಹೇಳಿದ್ದೇನೆ. ಸಂವಿಧಾನ ಆಮೇಲೆ ನೆನಪಾಯಿತು.

ಫೆಬ್ರುವರಿ ೭, ಶುಕ್ರವಾರ

ಕಾರ್ಯದರ್ಶಿಗಳು ಕರೆಸಿದ್ದರು. ಚಹಾ ತರಿಸಿದರು, ಅದೇ ಕೆಟ್ಟ ಲಕ್ಷಣ.

“ಮೇಡಂ, ಹುಡಿಗ್ಯಾರನ್ನ ಕೂಡ್ಸಿಕೊಂಡು ಬರೂ ಬಸ್ಸದು. ನಾಳಿ ಪಾಲಕರು ಕೇಳಿದ್ರ ನಾ ಏನ ಹೇಳ್ಲಿ? ಕೇಸ್ ಮುಗಿಯೂತನ ಮನ್ಯಾಗ ಇರಲಿ. ಖುಲಾಸೆ ಆಗಿ ಬಂದ್ರ ಅಂವಂದ ಬಸ್ಸು. ಇಲ್ಲಂದ್ರ ನಾನೂ ಏನೂ ಮಾಡಾಕ ಬರೂದಿಲ್ಲ.”

“ಅವನು ಕುಡಿದಿರಲಿಲ್ಲ ಸರ್” ಅಂದೆ.

“ಹಂಗಾರ ಊದಿದ್ರ ಮುಗೀತಿತ್ತಲ್ರಿ?”

ತರಗತಿಯಲ್ಲಿ ಇವತ್ತು ಕವಿತೆ ಇತ್ತು. ಕವಿ ಹೇಳದೆ ಬಿಟ್ಟ ಜಾಗದಲ್ಲೇ ಅರ್ಥ ಕೂತಿರುತ್ತದೆ ಎಂದು ಪ್ರತಿ ವರ್ಷ ಹೇಳುವ ಮಾತನ್ನೇ ಹೇಳಲು ಹೋಗಿ, ಅರ್ಧಕ್ಕೇ ಬಿಟ್ಟು, ಪುಟ ಮುಚ್ಚಿ, ಟಿಪ್ಪಣಿ ಬರೆಸಿದೆ.

ಫೆಬ್ರುವರಿ ೧೬, ರವಿವಾರ

ಗೌರಕ್ಕ ಮಗಳನ್ನು ತೋರಿಸಲು ಘಟಪ್ರಭಾದ ದವಾಖಾನೆಗೆ ಬಂದಿದ್ದಳು. ನಾನೂ ಹೋಗಿದ್ದೆ, ಹಣ್ಣು ಕೊಡುವ ನೆಪದಲ್ಲಿ. ಮಗಳು ಒಳಗೆ ಹೋದ ಮೇಲೆ ಕೇಳಿದೆ. ಆ ದಿನ ಮಾಲಿಂಗ ಟ್ರ್ಯಾಲಿಯ ಹಿಂದೆ ಹೋಗಿದ್ದನಾ?

“ಹೋಗಿದ್ದ ತಗೋ. ನಿಮ್ಮ ಕಾಕಾನ್ನ ಎಬ್ಬಿಸ್ಕೊಂಡ ಬರಾಕ ನಾನ ಕಳಿಸಿದ್ದೆ.” ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಅದೊಂದ ದೊಡ್ಡ ಕತಿ ನೋಡ, ನಂದಾ. ಕಾಕಾ ಗ್ಲಾಸ್ ಹಿಡಕೊಂಡ ಬಿದ್ದಿದ್ದ. ಎತ್ತಾಕ ಹ್ವಾದ್ರ ಹುಡುಗನ ಕೊಳ್ಳಿಗೆ ಜೋತಬಿದ್ದ ನೋಡು, ಶಿವದಾರ ಚಟ್ಟನ ಹರೀತು. ಲಿಂಗ ನೆಲಕ್ಕ ಬೀಳೂದನ್ನ ಬೊಗಸ್ಯಾಗ ಹಿಡದಾನವ್ವ ಮಾಲಿಂಗ. ಗ್ಲಾಸಿನಾಗಿಂದೆಲ್ಲಾ ಅಂವನ ಅಂಗಿ ಮ್ಯಾಲ.”

ಹಣ್ಣಿನ ಚೀಲ ಈ ಕೈಯಿಂದ ಆ ಕೈಗೆ ತೆಗೆದುಕೊಂಡೆ.

“ಕುಬಸದ ದಿನ ಮನಿಯಾಗ ಶಿವದಾರ ಹರದೈತಿ ಅಂತ ಬೀಗರಿಗೆ ಗೊತ್ತಾದ್ರ ಏನಂದಾರು? ಬಸರಿ ಹುಡಿಗಿ. ಯಾರ ಮುಂದೂ ಅನಬ್ಯಾಡೋ ಯಪ್ಪಾ, ನಿಮ್ಮಕ್ಕನ ಮುಂದೂ ಅನಬ್ಯಾಡ ಅಂತ ನಾನ ಕೈ ಮುಗದೆ. ಲಿಂಗಾ ನಮ್ಮ ಜಗಲಿ ಮ್ಯಾಲ ಇಟ್ಟ. ಮಠದ ಅಯ್ಯಾರು ಮರುದಿನ ಬಂದು ದಾರ ಕಟ್ಟೂತನ ಹನಿ ನೀರ ಸುದ್ದಾ ಮುಟ್ಟಂಗಿಲ್ಲ ಅಂದ. ಹೋಳಿಗಿ ಬಡಿಸಿದ ಎಲಿ ಬಿಟ್ಟ ಎದ್ದ. ಮುಂಜಾನಿ ಮೊದಲನೇ ಬಸ್ಸಿಗೆ ಬಂದ ಕಟ್ಟಿಸ್ಕೊಂಡ ಹ್ವಾದ. ಭಾಳ ನಿಷ್ಠಾದಾಂವ ಆಗ್ಯಾನ ಬಿಡು ಈಗ.”

ಮಗಳು ಹೊರಗೆ ಬಂದಳು. ಕೂಸು ಚೆನ್ನಾಗಿದೆಯಂತೆ. ಹಣ್ಣಿನ ಚೀಲ ಕೊಡುವುದನ್ನು ಮರೆತು ಮನೆಗೆ ತಂದುಬಿಟ್ಟಿದ್ದೇನೆ.

ಅವನು ಹಿಂಜರಿದ ಎಂದು ಮೊದಲ ದಿನ ಬರೆದಿದ್ದೇನೆ. ಹಿಂಜರಿಯಲಿಲ್ಲ. “ಕೊಡ್ರಿ ಸರ” ಅಂದು ತಾನೇ ಕೈ ಚಾಚಿ ಆ ಯಂತ್ರ ತೆಗೆದುಕೊಂಡಿದ್ದ. ತುಟಿಯ ಹತ್ತಿರ ಒಯ್ದಿದ್ದ. ಮುಖದಲ್ಲಿ ಒಂದು ನಗು ಇತ್ತು. ತಪ್ಪಿಲ್ಲದ ಉತ್ತರಪತ್ರಿಕೆ ತೋರಿಸಲು ಬರುವ ಹುಡುಗರ ನಗು. ನಾನು ತೋಳು ಹಿಡಿದೆ. ನನ್ನತ್ತ ತಿರುಗಿದವನು ನನ್ನ ಕಣ್ಣು ಎಲ್ಲಿದೆ ಎಂದು ನೋಡಿದ. ಅವನ ಕೊರಳ ಮೇಲಿತ್ತು.

ಆಮೇಲೆ ಆ ನಗು ಇರಲಿಲ್ಲ. ಯಂತ್ರ ಕೆಳಗಿಟ್ಟ.

ಫೆಬ್ರುವರಿ ೧೭, ಸೋಮವಾರ

ರಜೆ ಹಾಕಿ ಮೂಡಲಗಿಗೆ ಹೋದೆ. ಲಕ್ಷ್ಮೀ ರೊಟ್ಟಿ ಬಡಿಯುತ್ತಿದ್ದಳು. ಮಾಲಿಂಗ ಅಂಗಳದಲ್ಲಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಕೊರಳಲ್ಲಿ ಹೊಸ ದಾರ, ಬಿಳಿ. ಬಸ್ಸಿನಲ್ಲಿ ಕೂತು ಜೋಡಿಸಿಕೊಂಡು ಬಂದ ಮಾತು ಒಂದೂ ಬಾಯಿಗೆ ಬರಲಿಲ್ಲ. ಬಿಸಿಲು ಹೆಚ್ಚಾಗಿದೆ ಅಂದೆ. ಅವನು ಹೂಂ ಅಂದ.

ಆಮೇಲೆ ಅವನೇ ಕೇಳಿದ. “ದಾರದ ಮಾತು ಗೌರಕ್ಕ ಹೇಳಿದ್ಲೇನ?”

“ಹೂಂ.”

“ತಾನಾಗೇ ಹೇಳಿದ್ಲೋ, ನೀ ಕೇಳಿದ್ಯೋ?”

“ನಾನ ಕೇಳಿದೆ.”

ಚೈನು ತಿರುಗಿಸುತ್ತಲೇ ಇದ್ದ. “ನನ್ನ ಕೇಳಬೇಕಿತ್ತಕ್ಕ” ಅಂದ.

ಲಕ್ಷ್ಮೀ ಊಟಕ್ಕೆ ಕರೆದಳು. ಉಂಡು ಬಂದೆ.

ಫೆಬ್ರುವರಿ ೨೬, ಶಿವರಾತ್ರಿ

ಬರಲಿಲ್ಲ. ಪ್ರತಿ ವರ್ಷ ಬರುತ್ತಿದ್ದ.

ಮಾರ್ಚ್ ೧, ಶನಿವಾರ. ಹುಕ್ಕೇರಿಯಿಂದ ಬಂದ ಮೇಲೆ

ರಾಜೇಶ್ವರಿ ಹಿಂದೊಮ್ಮೆ ನನ್ನ ವಿದ್ಯಾರ್ಥಿನಿ, ಈಗ ಹುಕ್ಕೇರಿಯಲ್ಲಿ ವಕೀಲಳು. ಮೇಜಿನ ಈಚೆ ನಾನೂ ಮಾಲಿಂಗನೂ, ನಡುವೆ ಒಂದು ಖುರ್ಚಿ ಖಾಲಿ ಬಿಟ್ಟು ಕೂತೆವು. ಬಿಟ್ಟವನು ಅವನು.

ನನ್ನ ಹಕ್ಕಿನ ಮಾತನ್ನು ಅವಳು ಪೂರ್ತಿ ಕೇಳಿಸಿಕೊಂಡಳು.

“ಮೇಡಂ, ಬ್ಯಾಡ ಅಂತ ಅನ್ನಾಕ ಬರತೈತ್ರಿ. ಯಾರೂ ಬಾಯಾಗ ನಳಿಗಿ ತುರುಕೂದಿಲ್ಲ. ಆದ್ರ ಬ್ಯಾಡಂದ ಮ್ಯಾಲ, ಕುಡದಾನಂತ ಅನುಮಾನ ಬರೂವಂಗಿದ್ರ, ವಾರಂಟ್ ಇಲ್ಲದ ಕರಕೊಂಡ ಹೋಗಾಕ ಅವ್ರಿಗೂ ಬರತೈತಿ. ಕೋರ್ಟಿನಾಗ ಆ ಬ್ಯಾಡ ಅನ್ನೂದು ಅವ್ರ ಕಡಿ ವಾಲತೈತಿ.”

“ತನ್ನ ವಿರುದ್ಧ ತಾನೇ ಸಾಕ್ಷಿ...”

“ಅದು ಬಾಯಿಲೆ ಹೇಳೂ ಸಾಕ್ಷಿಗಿರಿ ಮೇಡಂ. ಉಸುರು ಅಂದ್ರ ಬೆರಳಚ್ಚು ಇದ್ದಂಗ. ಅದು ತಾನಾಗಿ ಏನೂ ಹೇಳೂದಿಲ್ಲ, ಇದ್ದದ್ದ ತೋರಿಸ್ತೈತಿ.”

ಇದ್ದದ್ದನ್ನು ತೋರಿಸುವ ಒಂದೇ ವಸ್ತು ಅದಾಗಿತ್ತು. ಆ ದಿನ ಅವನ ಹತ್ತಿರ ಇತ್ತು. ಇನ್ನು ಯಾವ ಡಾಕ್ಟರೂ ಯಾವ ಕೋರ್ಟೂ ಅದನ್ನು ತಿರುಗಿ ತರಲಾರದು.

ಹೋರಾಡಿದರೆ ಗೆಲ್ಲಬಹುದು, ಪರೀಕ್ಷೆಯೇ ಆಗಿಲ್ಲವಲ್ಲ ಎಂದಳು. “ಆದ್ರ ಊದ್ಲಿಲ್ಲ ಯಾಕ ಅನ್ನೂದಕ್ಕ ಒಂದ ಕಾರಣ ಬೇಕ್ರಿ. ಬ್ಯಾಡಂದಾವ್ರು ನೀವು. ನೀವು ಕಟಕಟಿಗಿ ಬಂದು ಹೇಳಬೇಕು. ಯಾಕ ಬ್ಯಾಡಂದ್ರಿ ಮೇಡಂ?”

ಮಾಲಿಂಗ ಕಿಟಕಿಯ ಕಡೆ ನೋಡುತ್ತಿದ್ದ. ಹೇಳಬೇಕಾಗಿದ್ದುದು ಆಗ. ಕೇಳಬೇಕಾದವರು ಇಬ್ಬರೇ ಇದ್ದರು, ಬಾಗಿಲು ಮುಚ್ಚಿತ್ತು.

“ಹಕ್ಕು ಅಂತ ತಿಳಿದು” ಅಂದೆ.

ಅವನು ಮೂಗಿನಲ್ಲಿ ಒಂಚೂರು ನಕ್ಕ. ನಾನಲ್ಲದೆ ಬೇರೆ ಯಾರಿಗೂ ಕೇಳಿಸುವಂಥ ನಗು ಅಲ್ಲ.

ದಾರದ ವಿಷಯ ಗೌರಕ್ಕನಿಂದ ಹೇಳಿಸೋಣವೇ ಎಂದು ನಾನು ಕೇಳಿದ್ದಕ್ಕೆ ಅವನು ರಾಜೇಶ್ವರಿಯ ಕಡೆ ತಿರುಗಿ ಬೇಡವೆಂದ. “ಆಕಿಗೆ ಮಾತ ಕೊಟ್ಟೇನ್ರಿ. ಬಸರಿ ಹೆಣ್ಣಮಗಳ ಮನಿ ಮಾತು ಕೋರ್ಟಿಗಿ ಬ್ಯಾಡ.” ಬಸ್‌ಸ್ಟ್ಯಾಂಡಿನವರೆಗೆ ಮುಂದೆ ಮುಂದೆ ನಡೆದ. ಮೂಡಲಗಿಯ ಬಸ್ಸು ಮೊದಲು ಬಂತು.

ಮಾರ್ಚ್ ೨೩, ರವಿವಾರ

ಕಪಾಟಿನ ಮುಂದೆ ನಿಂತು ಯಾವುದಾದರೂ ಕವಿತೆ ಓದೋಣವೆಂದು ಒಂದೊಂದೇ ತೆಗೆದೆ. ಎಲ್ಲದರಲ್ಲೂ ಅಂಚಿನಲ್ಲಿ ನನ್ನದೇ ಪೆನ್ಸಿಲ್ ಗೆರೆ. ಕರುಣೆ ಇದ್ದಲ್ಲೆಲ್ಲ ಗೆರೆ ಎಳೆದಿದ್ದೇನೆ. ಮುಚ್ಚಿಟ್ಟೆ.

ಏಪ್ರಿಲ್ ೨೦, ರವಿವಾರ

ನಾಳೆ ಕೋರ್ಟು. ರಾಜೇಶ್ವರಿಗೆ ಫೋನಿನಲ್ಲಿ ನಿಜ ಹೇಳಿಬಿಟ್ಟೆ. ಅವನು ಕುಡಿದಿದ್ದಾನೆಂದು ತಿಳಿದೇ ಬೇಡವೆಂದೆ, ಸಾಕ್ಷಿಗೆ ಕರೆದ ದಿನ ಹಾಗೇ ಹೇಳುತ್ತೇನೆ ಎಂದೆ.

ಅವಳು ಒಪ್ಪಲಿಲ್ಲ. “ಅದು ಅವ್ರಿಗಿ ತಿರುಗಿ ಬಡೀತೈತಿ ಮೇಡಂ. ಒಡಹುಟ್ಟಿದ ಅಕ್ಕಗ ಅನುಮಾನ ಇತ್ತಂದ್ರ ಪಿಎಸ್‌ಐ ಸಾಹೇಬ್ರಿಗೆ ಇರಬಾರ್ದೇನು ಅಂತ ಸರಕಾರಿ ವಕೀಲರು ಕೇಳೇ ಕೇಳ್ತಾರ. ಹಕ್ಕು ಅಂತನ ಹೇಳ್ರಿ. ಅದರಾಗ ಸುಳ್ಳೇನೂ ಇಲ್ಲ.”

ಸುಳ್ಳು ಹೇಳಿದರೆ ಅವನಿಗೆ ಒಳ್ಳೆಯದು, ನಿಜ ಹೇಳಿದರೆ ಅವನಿಗೆ ಕೆಟ್ಟದ್ದು. ಇಂಥ ಜಾಗಕ್ಕೆ ಅವನನ್ನು ತಂದು ನಿಲ್ಲಿಸಿದ್ದೇನೆ. ಆದರೂ ನಿಜವನ್ನೇ ಹೇಳುತ್ತೇನೆ, ಆಮೇಲೆ ಅದು ನನ್ನ ತಪ್ಪು ತಿಳಿವಳಿಕೆಯಾಗಿತ್ತು ಅಂತಲೂ ಹೇಳುತ್ತೇನೆ. ಅವನ ಮುಂದೆಯೇ ಹೇಳುತ್ತೇನೆ. ಸಂಜೆ ಅವನಿಗೂ ಫೋನು ಮಾಡಿ ಇಷ್ಟನ್ನು ತಿಳಿಸಿದೆ. ಅವನು “ಆತು, ಇಡು” ಅಂದ.

ಏಪ್ರಿಲ್ ೨೧, ಸೋಮವಾರ

ಸಾಕ್ಷಿಗೆ ಕರೆಯುವ ಪ್ರಶ್ನೆಯೇ ಬರಲಿಲ್ಲ.

ಹೆಸರು ಕೂಗಿದರು. ಮಾಲಿಂಗ ಎದ್ದು ಹೋಗಿ ಕೈಕಟ್ಟಿ ನಿಂತ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ನ್ಯಾಯಾಧೀಶರು ಆರೋಪ ಓದಿ ಹೇಳಿ, ತಪ್ಪು ಒಪ್ಪುತ್ತೀರಾ ಎಂದು ಕೇಳಿದರು. ಇಲ್ಲ ಅನ್ನಬೇಕು ಎಂದು ರಾಜೇಶ್ವರಿ ಹೊರಗೆ ಎರಡೆರಡು ಸಲ ಹೇಳಿ ಕಳಿಸಿದ್ದಳು.

“ಒಪ್ಕೋತೇನ್ರಿ” ಅಂದ.

ರಾಜೇಶ್ವರಿ ಅರ್ಧ ಎದ್ದಳು. ಯಾರಾದರೂ ಒತ್ತಾಯ ಮಾಡಿದ್ದಾರೇನು, ಇದರಿಂದ ಏನಾಗುತ್ತದೆಂದು ಗೊತ್ತಿದೆಯೇನು ಎಂದು ನ್ಯಾಯಾಧೀಶರು ಮತ್ತೆ ವಿಚಾರಿಸಿದರು. “ಯಾರೂ ಮಾಡಿಲ್ರಿ. ಗೊತ್ತೈತ್ರಿ. ತಪ್ಪಾಗೇತಿ.” ದಂಡ ಹಾಕಿದರು. ಆರು ತಿಂಗಳು ಲೈಸೆನ್ಸ್ ಇಲ್ಲ. ಹೇಳಲು ತಂದ ಮಾತು ಬಾಯಲ್ಲಿ ಹಾಗೇ ಇತ್ತು, ಮುಂದಿನವರ ಹೆಸರು ಕೂಗಿದರು.

ಹೊರಗೆ ಬೇವಿನ ಮರದ ಕೆಳಗೆ ಹಿಡಿದು ನಿಲ್ಲಿಸಿದೆ. “ಕುಡೀದೇ ಇದ್ದಾಂವ ಕುಡದೇನಿ ಅಂತ ಯಾಕ ಒಪ್ಕೊಂಡಿ? ಬಸ್ಸು ಹೋತು. ಹೆಸರು ಹೋತು. ನಾ ಹೇಳ್ತಿದ್ನಲ್ಲೋ, ತಪ್ಪ ನಂದು ಅಂತ ಎಲ್ಲಾರ ಮುಂದ ಹೇಳ್ತಿದ್ದೆ.”

“ಅದಕ್ಕ ಒಪ್ಕೊಂಡೆ.”

“ಅಂದ್ರ?”

“ನೀ ಅಲ್ಲಿ ನಿಂತು, ನನ್ನ ತಮ್ಮ ಕುಡದಾನಂತ ತಿಳಿದಿದ್ದೆ ಅಂತ ಹೇಳೂದನ್ನ ನಂಗ ಕಿವಿಲೆ ಕೇಳಾಕ ಆಗೂದಿಲ್ಲಕ್ಕ. ಆವತ್ತ ಕಾರಿನಾಗ ನಿನ್ನ ಮಾರಿ ಮ್ಯಾಲ ನೋಡೇನಿ, ಅಷ್ಟ ಸಾಕು. ಅದರಕಿಂತಾ ದಂಡ ಸಲೀಸು.” ಆಮೇಲೆ, ನಾನು ಅಳುತ್ತಿರುವುದನ್ನು ನೋಡಿ, “ಏ, ಬಿಡಽ. ನಡಿ, ಮಿರ್ಚಿ ತಿನ್ನೂಣು. ಹಸಿವ್ಯಾಗೇತಿ” ಅಂದ.

ತಿಂದೆವು. ಖಾರಕ್ಕೆ ಕಣ್ಣೊರೆಸಿಕೊಂಡರೆ ಯಾರೂ ಕೇಳುವುದಿಲ್ಲ.

ಮೇ ೧೧, ರವಿವಾರ

ಗೋಕಾಕದಲ್ಲೇ ಪಂಪಿನ ಮೋಟರಿಗೆ ತಂತಿ ಸುತ್ತುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ. ಮೂಡಲಗಿಯಿಂದ ಬಸ್ಸಿಗೆ ಬರುತ್ತಾನೆ. ಅವನು ಓಡಿಸುತ್ತಿದ್ದ ದಾರಿಯಲ್ಲೇ, ಕಂಬಿ ಹಿಡಿದು ನಿಂತು. ಕಾಲೇಜಿನ ಹುಡುಗಿಯರು “ಮಾಲಿಂಗಣ್ಣ ಯಾವಾಗ ಬರ್ತಾರ್ರಿ ಮೇಡಂ?” ಎಂದು ಇನ್ನೂ ಕೇಳುತ್ತಾರೆ. ಹೊಸ ಡ್ರೈವರು ಬಹಳ ಬೈಯುತ್ತಾನಂತೆ.

ಯಲ್ಲಪ್ಪ ಕಾಕಾ ದಾರಿಯಲ್ಲಿ ಸಿಕ್ಕು, “ಏನವಾ, ಹುಡುಗ ಮತ್ತ ಸುರು ಮಾಡ್ಯಾನಂತ? ಕೋರ್ಟಿನಾಗ ಅಂವನ ಒಪ್ಪ್ಯಾನಂತಲ್ಲ” ಎಂದು ಮರುಕದಿಂದ ಕೇಳಿದ. ಬೆಳಿಗ್ಗೆಯೇ ಕುಡಿದಿದ್ದ. ಇಲ್ಲ ಕಾಕಾ, ಅವನು ಕುಡಿದಿರಲಿಲ್ಲ ಅಂದೆ. ನೀ ಅಕ್ಕ, ನೀ ಹಂಗ ಹೇಳಾಕಬೇಕು ಎಂದು ತಲೆದೂಗಿದ.

ಜೂನ್ ೫, ಗುರುವಾರ

ಸಂಜೆ ಅಂಗಡಿ ಮುಚ್ಚಿ ಬಸ್ಸು ಹಿಡಿಯುವ ಮೊದಲು ಈಗ ದಿನಾ ಇಲ್ಲಿಗೆ ಬಂದು ಹೋಗುತ್ತಾನೆ. ಇಷ್ಟು ದಿನದ ಮೇಲೆ ಬರತೊಡಗಿದ್ದಾನೆ ಎಂದು ಹಿಗ್ಗಿದ್ದೆ. ಚಹಾಕ್ಕೆ ಇಟ್ಟು ಕಾಯುತ್ತೇನೆ.

ಇವತ್ತು ಗಮನಿಸಿದೆ. ಚಪ್ಪಲಿ ಬಿಟ್ಟು ಒಳಗೆ ಬಂದವನು ಖುರ್ಚಿಗೆ ಹೋಗಿ ಕೂಡುವುದಿಲ್ಲ. ಮೊದಲು ನಾನಿದ್ದಲ್ಲಿಗೆ ಬರುತ್ತಾನೆ, ಬೇಕಾದದ್ದಕ್ಕಿಂತ ಹತ್ತಿರಕ್ಕೆ. ಮುಖಕ್ಕೆ ಮುಖ ತಂದು, ಬಾಯಿ ತುಂಬ ತೆರೆದು, “ಅಕ್ಕಾ, ಬಂದೆ ನೋಡು. ಚಾ ಆತೇನು?” ಎಂದು ಉದ್ದಕ್ಕೆ ಹೇಳುತ್ತಾನೆ. ಹೇಳಿ ಮುಗಿದ ಮೇಲೂ ಒಂದು ಕ್ಷಣ ಅಲ್ಲೇ ನಿಂತಿರುತ್ತಾನೆ. ಆಮೇಲೆ ಹೋಗಿ ಕೂಡುತ್ತಾನೆ. ನಿನ್ನೆಯೂ ಹಾಗೇ. ಮೊನ್ನೆಯೂ. ಮೊದಲ ದಿನದಿಂದಲೂ ಹಾಗೇ ಇರಬೇಕು.

ನನಗದು ಬೇಡ. ಅವನ ಉಸಿರಿನ ಲೆಕ್ಕ ನನಗೆ ಬೇಕಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಹೇಗೆ? ಇವತ್ತು ಅವನು ಹತ್ತಿರ ಬಂದು ಬಾಯಿ ತೆರೆಯುತ್ತಿದ್ದಂತೆ, ಅವನ ಉಸಿರು ನನಗೆ ತಾಕಬಾರದೆಂದು ಸರಕ್ಕನೆ ಮುಖ ಆಚೆ ತಿರುಗಿಸಿಬಿಟ್ಟೆ.

ಒಲೆಯ ಮೇಲೆ ಚಹಾ ಉಕ್ಕುತ್ತಿತ್ತು, ಅದಕ್ಕೇ ತಿರುಗಿದೆನೆಂದು ಅವನು ತಿಳಿದಿದ್ದರೆ ಒಳ್ಳೆಯದು. ಅವನು ಚಹಾ ಮುಟ್ಟಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಹೋದ.